166 ಸೀಟಿನ ಈಡನ್: ಲಾ ಸಿಯೋತಾದ ಹಳೇ ಟಾಕೀಸು ಮತ್ತೆ ತೆರೆದ ಬಗೆ

ಫ್ರಾನ್ಸಿನ ಮಾರ್ಸೆಯಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ಹೋದರೆ ಲಾ ಸಿಯೋತಾ ಎಂಬ ಬಂದರು ಊರು. ರೈಲು ನಿಲ್ದಾಣ ಊರೊಳಗಿಲ್ಲ, ಕೆಲವು ಕಿಲೋಮೀಟರ್ ಆಚೆಗಿದೆ. ಇಳಿದ ಮೇಲೆ ಬಸ್ಸು ಹಿಡಿಯಬೇಕು. ಆದರೆ ಆ ನಿಲ್ದಾಣವನ್ನೂ ನೋಡಿಕೊಂಡೇ ಹೊರಡಿ. ಸಿನಿಮಾ ತೆಗೆದು ತೋರಿಸಿದ ಮೊದಲಿಗರಲ್ಲಿ ಸೇರಿದ ಲುಮಿಯೇರ್ ಸಹೋದರರು ರೈಲು ಬಂದು ನಿಲ್ಲುವ ಚಿತ್ರ ತೆಗೆದದ್ದು ಅಲ್ಲೇ.

ಈಡನ್ ಥಿಯೇಟರ್ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. 1889ರ ಜೂನ್ 15ರಂದು ಬಾಗಿಲು ತೆರೆದಾಗ ಸಿನಿಮಾ ಎಂಬುದೇ ಇರಲಿಲ್ಲ. ಹಾಡು, ನಾಟಕ, ಬಾಕ್ಸಿಂಗು, ಕುಸ್ತಿ ನಡೆಯುತ್ತಿದ್ದವು. ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1899ರ ಮಾರ್ಚಿನಲ್ಲಿ. 1995ರಲ್ಲಿ ಬೀಗ ಬಿತ್ತು, 2013ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ಜಗತ್ತಿನ ಅತಿ ಹಳೆಯ ಸಿನಿಮಾ ಮಂದಿರ ಎಂಬ ಮಾತಿಗೆ ಈ ಹದಿನೆಂಟು ವರ್ಷಗಳ ಕತ್ತಲನ್ನೂ ಸೇರಿಸಿಕೊಳ್ಳಬೇಕು. ಡೆನ್ಮಾರ್ಕಿನ ಕೋರ್ಸರ್‌ನಲ್ಲಿ 1908ರ ಟಾಕೀಸೊಂದು ಇದೇ ಪಟ್ಟಕ್ಕೆ ಪೈಪೋಟಿ ನಡೆಸಿತ್ತು.

ಜೀರ್ಣೋದ್ಧಾರದಲ್ಲಿ ಮೆಚ್ಚಬೇಕಾದದ್ದು ಬಣ್ಣವಲ್ಲ, ಸೀಟಿನ ಸಂಖ್ಯೆ. ಈಗಿರುವುದು 166 ಮಾತ್ರ. ಹಳೇ ಬೆಂಚಿನಲ್ಲಿ ಒಬ್ಬರಿಗೆ 45 ಸೆಂ.ಮೀ. ಅಗಲ, ಸಾಲಿನಿಂದ ಸಾಲಿಗೆ 75 ಸೆಂ.ಮೀ. ಸಾಕಾಗುತ್ತಿತ್ತು. ಇಂದಿನ ಕುರ್ಚಿಗೆ 55, ಸಾಲಿಗೆ 100 ಬೇಕು. ಅಂದರೆ ತಲೆಗೆ 0.34 ಚದರ ಮೀಟರ್ ಇದ್ದದ್ದು 0.55 ಆಯಿತು, ಯಾವುದೇ ಟಾಕೀಸಿನಲ್ಲಿ ಸಾವಿರ ಜನ ಹಿಡಿಸುತ್ತಿದ್ದ ನೆಲದಲ್ಲಿ ಈಗ ಆರುನೂರು ಚಿಲ್ಲರೆ. ಬೆಂಕಿ ಬಿದ್ದಾಗ ಹೊರಬರುವ ದಾರಿ, ಗಾಲಿಕುರ್ಚಿಯ ಜಾಗ ಕಳೆದರೆ ಇನ್ನೂ ಕಡಿಮೆ. ನಮ್ಮ ಜಿಲ್ಲಾ ಕೇಂದ್ರಗಳ ಟಾಕೀಸುಗಳಲ್ಲಿ ರಿಪೇರಿ ಎಡವುವುದು ಬಹುಪಾಲು ಇಲ್ಲೇ. ಹಳೇ ಸಂಖ್ಯೆ ಬಿಡಲೊಲ್ಲದೆ ಸಾಲು ಒತ್ತುತ್ತಾರೆ, ಮೊಣಕಾಲು ಮುಂದಿನ ಕುರ್ಚಿಗೆ ತಾಗುತ್ತದೆ, ಬಂದವರು ಎರಡನೇ ಸಲ ಬರುವುದಿಲ್ಲ.

ಎರಡನೇ ತೊಡಕು ಸದ್ದು. ಮೈಕಿಲ್ಲದ ಕಾಲದ ರಂಗಮಂದಿರಕ್ಕೆ ದನಿ ನಿಂತ ಮೇಲೂ ಒಂದು ಸೆಕೆಂಡಿಗಿಂತ ತುಸು ಹೆಚ್ಚೇ ಮೊಳಗಬೇಕು. ಡಿಜಿಟಲ್ ಸಿನಿಮಾಕ್ಕೆ, ಸಣ್ಣ ಮಂದಿರದಲ್ಲಿ, ಅರ್ಧ ಸೆಕೆಂಡಿನ ಆಸುಪಾಸು ಸಾಕು. ಮೀರಿದರೆ ಮಾತು ಕಲಸಿಹೋಗುತ್ತದೆ. ಬಟ್ಟೆ ಹೊದಿಸಿದ ಕುರ್ಚಿ ಇಲ್ಲಿ ಅರ್ಧ ಕೆಲಸ ಮಾಡುತ್ತದೆ: ಮಂದಿರ ಖಾಲಿಯಿದ್ದಾಗಲೂ ಹೆಚ್ಚೂಕಡಿಮೆ ಕುಳಿತವರಷ್ಟೇ ಸದ್ದು ಹೀರುತ್ತದೆ. ರೆಕ್ಸಿನ್ ಹಾಕಿದರೆ ಆ ಲಾಭವಿಲ್ಲ, ಒರೆಸುವುದು ಮಾತ್ರ ಸುಲಭ.

ಕಡಲ ಎದುರಿನ ಕಟ್ಟಡವೆಂದರೆ ಗೋಡೆಯ ಉಪ್ಪು ಇದ್ದದ್ದೇ. ಮಂಗಳೂರು, ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೇ ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ ಬಳಿದರೆ ಒಳಗಿನ ತೇವ ಹೊರಬರಲಾರದು. ಉಪ್ಪು ಗಾರೆಯ ಹಿಂದೆಯೇ ಹರಳುಗಟ್ಟಿ ಚಕ್ಕೆ ಚಕ್ಕೆಯಾಗಿ ಕೆಡವುತ್ತದೆ. ಮೊದಲು ಚಾವಣಿಯ ಸೋರಿಕೆ, ನಂತರ ನೀರಿಳಿಯುವ ಪೈಪು, ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ, ವೈರಿಂಗು. ಪರದೆ, ಕುರ್ಚಿ ಎಲ್ಲಕ್ಕಿಂತ ಕೊನೆಗೆ.

ಇನ್ನು ಈ ಮಂದಿರಕ್ಕೆಂದೇ ಇರುವ ಕಸರತ್ತು. ಲುಮಿಯೇರ್ ಚಿತ್ರಗಳು ತಲಾ ಸುಮಾರು 17 ಮೀಟರ್ ಫಿಲ್ಮು. ಸೆಕೆಂಡಿಗೆ 16 ಫ್ರೇಮಿನಂತೆ ಐವತ್ತು ಸೆಕೆಂಡು. ಅದನ್ನೇ ಡಿಜಿಟಲ್‌ನ 24ರಲ್ಲಿ ನೇರ ಓಡಿಸಿದರೆ ಮೂವತ್ತಮೂರು ಸೆಕೆಂಡಿಗೆ ಮುಗಿದು, ಪ್ರಯಾಣಿಕರೆಲ್ಲ ಗೊಂಬೆಗಳಂತೆ ಕುಣಿಯುತ್ತಾರೆ. ಒಂದು ಬಿಟ್ಟು ಒಂದು ಫ್ರೇಮನ್ನು ಎರಡು ಸಲ ತೋರಿಸಿ 24 ಮಾಡಿದರೆ ವೇಗ ಸರಿ, ಚಲನೆ ಕುಂಟುತ್ತದೆ. 48 ಫ್ರೇಮಿನ ಫೈಲು ಮಾಡಿ ಪ್ರತಿ ಫ್ರೇಮನ್ನೂ ಮೂರು ಸಲ ಇಟ್ಟರೆ ಎರಡೂ ಸರಿ. ಚಿತ್ರವನ್ನು 1440×1080 ಪಿಕ್ಸೆಲ್‌ ಅಳತೆಯಲ್ಲಿ ನಡುವಿಗಿರಿಸಿ ಪಕ್ಕದ ಕಪ್ಪು ಪರದೆ ಒಳಕ್ಕೆ ಸರಿಸಬೇಕು. ಇಲ್ಲದಿದ್ದರೆ ಇಕ್ಕೆಲದಲ್ಲೂ ಬೂದು ಪಟ್ಟಿ ಕಣ್ಣಿಗೆ ಚುಚ್ಚುತ್ತಿರುತ್ತದೆ.

ಫ್ರೆಂಚ್ ಬಾರದವರು ವೇಳಾಪಟ್ಟಿ ನೋಡಿಯೇ ಟಿಕೆಟ್ ಕೊಳ್ಳಲಿ. 'ವಿಎಫ್' ಎಂದರೆ ಫ್ರೆಂಚ್ ಡಬ್ಬಿಂಗು. 'ವಿಒಎಸ್‌ಟಿ' ಎಂದಿದ್ದರೆ ಮೂಲ ಭಾಷೆ, ಆದರೆ ಅಡಿಬರಹ ಮಾತ್ರ ಫ್ರೆಂಚಿನದು. ಇಂಗ್ಲಿಷ್ ಚಿತ್ರಕ್ಕೆ ಅದೇ ಇರಲಿ. ಲುಮಿಯೇರ್ ಚಿತ್ರಗಳಿದ್ದರೆ ಈ ಗೊಡವೆಯೇ ಇಲ್ಲ, ಅವು ಮೂಕಿ.