ಸೋತ ತಂಡವನ್ನು ಬುಡದಿಂದ ಕಟ್ಟುವ ಆಟ: ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’

2024ರ ಬೇಸಿಗೆಯಲ್ಲಿ ಶಿಕಾಗೋ ವೈಟ್ ಸಾಕ್ಸ್ ತಂಡ ಒಂದರ ಹಿಂದೊಂದರಂತೆ 21 ಪಂದ್ಯಗಳನ್ನು ಸೋತಿತು. ಋತು ಮುಗಿದಾಗ ಅದರ ಲೆಕ್ಕದಲ್ಲಿ 41 ಗೆಲುವು, 121 ಸೋಲುಗಳಿದ್ದವು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಸೋತ 120 ಪಂದ್ಯಗಳ ದಾಖಲೆಯೂ ಹಿಂದೆ ಬಿತ್ತು. ಶಿಕಾಗೋ ಸೀಮೆಯಲ್ಲಿ ಹಲವು ವರ್ಷಗಳಿಂದ ನೆಲೆಸಿರುವ ನಾನು ಆ ಬೇಸಿಗೆಯ ಒಂದು ಸಂಜೆ 35ನೇ ಬೀದಿಯ ಮೈದಾನಕ್ಕೆ ಹೋಗಿದ್ದೆ. ಮೇಲಂತಸ್ತಿನ ಕುರ್ಚಿಗಳು ಸಾಲುಸಾಲಾಗಿ ಖಾಲಿಯಿದ್ದವು. ನನ್ನ ಮುಂದಿನ ಸಾಲಿನಲ್ಲಿದ್ದ ವೃದ್ಧರೊಬ್ಬರು ಮಾತ್ರ ಪ್ರತಿ ಎಸೆತವನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಇಷ್ಟು ಕುಸಿದ ತಂಡವನ್ನು ಎಲ್ಲಿಂದ ಎತ್ತಲು ತೊಡಗಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಕೂರಲು ನನಗೆ ಸಿಕ್ಕ ಅತ್ಯುತ್ತಮ ಸಾಧನವೆಂದರೆ ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’ ಎಂಬ ಕಂಪ್ಯೂಟರ್ ಆಟ. ಅದರ 2025ರ ಆವೃತ್ತಿಯನ್ನು ಒಂದು ಇಡೀ ಚಳಿಗಾಲ ಆಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಜರ್ಮನಿಯ ಮಾರ್ಕುಸ್ ಹೈನ್ಸೋನ್ 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಈ ಆಟದ ಹೊಸ ಆವೃತ್ತಿ ಪ್ರತಿವರ್ಷ ವಸಂತದ ಹೊತ್ತಿಗೆ ಬರುತ್ತದೆ, ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನ ಅಧಿಕೃತ ಪರವಾನಗಿಯೂ ಇದಕ್ಕಿದೆ. ಇಲ್ಲಿ ನೀವು ಬ್ಯಾಟು ಬೀಸುವುದಿಲ್ಲ, ಚೆಂಡು ಎಸೆಯುವುದಿಲ್ಲ. ನೀವು ತಂಡದ ಜನರಲ್ ಮ್ಯಾನೇಜರ್. ಪರದೆಯ ತುಂಬ ಪಟ್ಟಿಗಳು, ವರದಿಗಳು, ಮಾಲೀಕನಿಂದ ಬಂದ ಪತ್ರಗಳು. ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಲು ಅರ್ಥವಾಗಬೇಕಾದ ಸಂಗತಿಯೊಂದಿದೆ. ಐಪಿಎಲ್ ತಂಡವೊಂದು ಹರಾಜಿನಲ್ಲಿ ಒಂದೆರಡು ದಿನಗಳಲ್ಲಿ ಹೊಸದಾಗಿ ಹುಟ್ಟಿಬರಬಹುದು. ಬೇಸ್‌ಬಾಲ್ ತಂಡ ಹಾಗೆ ಹುಟ್ಟುವುದಿಲ್ಲ. ಹದಿನೆಂಟರ ಹುಡುಗನನ್ನೋ ಕಾಲೇಜು ಮುಗಿಸುತ್ತಿರುವ ಯುವಕನನ್ನೋ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಆರಿಸಿ, ಕೆಳಗಿನ ಲೀಗುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿ, ವರ್ಷಗಳ ನಂತರ ಮೇಲಕ್ಕೆ ತರಬೇಕು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕಾಗಿ ಬ್ರಾಂಚ್ ರಿಕಿ 1920ರ ದಶಕದಲ್ಲಿ ಕಟ್ಟಿದ ಈ ಏರ್ಪಾಡಿಗೆ ಫಾರ್ಮ್ ಸಿಸ್ಟಮ್ ಎಂದು ಹೆಸರು. ನಮ್ಮ ಮಾತಿನಲ್ಲಿ ಅದನ್ನು ಸಸಿಮಡಿ ಎನ್ನಬಹುದು.

ವೈಟ್ ಸಾಕ್ಸ್ ತಂಡದ ಸಸಿಮಡಿ ನಾಲ್ಕು ಊರುಗಳಲ್ಲಿ ಹರಡಿದೆ, ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ: ಕನ್ನಾಪೊಲಿಸ್, ವಿನ್‌ಸ್ಟನ್-ಸೇಲಂ, ಬರ್ಮಿಂಗ್‌ಹ್ಯಾಮ್, ಶಾರ್ಲೆಟ್. ಉತ್ತರ ಕ್ಯಾರೊಲೈನಾದ ಕನ್ನಾಪೊಲಿಸ್ ಎಂಬ ಹೆಸರು ಕನ್ನಡದ ಕಿವಿಗೆ ಎಷ್ಟು ಹತ್ತಿರವಾಗಿ ಕೇಳುತ್ತದೆಂದರೆ, ಆ ಪುಟ್ಟ ಊರಿನ ತಂಡದ ಫಲಿತಾಂಶವನ್ನು ನಾನು ದಿನವೂ ಎಲ್ಲಕ್ಕಿಂತ ಮೊದಲು ನೋಡುತ್ತಿದ್ದೆ. ಇವುಗಳ ಕೆಳಗೆ ಅರಿಝೋನಾದಲ್ಲೂ ಡೊಮಿನಿಕನ್ ಗಣರಾಜ್ಯದಲ್ಲೂ ಹೊಸಬರ ತಂಡಗಳಿವೆ. ಆಟ ಇವೆಲ್ಲವನ್ನೂ ಒಬ್ಬೊಬ್ಬ ಆಟಗಾರನ ಸಮೇತ ನಿಮ್ಮ ಮುಂದಿಡುತ್ತದೆ.

ಆದರೆ ಆಟಗಾರರಿಗಿಂತ ಮೊದಲು ನೋಡಬೇಕಾದದ್ದು ಕಚೇರಿಯನ್ನು. ನನ್ನ ಮೊದಲ ಪ್ರಯತ್ನದಲ್ಲಿ ನಾನು ಇದನ್ನು ಅರಿಯದೆ, ಮಾಲೀಕ ಕೊಟ್ಟ ಹಣವನ್ನೆಲ್ಲ ವಯಸ್ಸು ಮೀರುತ್ತಿದ್ದ ಹೆಸರಾಂತ ಆಟಗಾರರ ಮೇಲೆ ಸುರಿದೆ. ಎರಡು ವರ್ಷ ತಂಡ ತಕ್ಕಮಟ್ಟಿಗೆ ಆಡಿ ಮೂರನೆಯ ವರ್ಷ ಮತ್ತೆ ನೆಲ ಕಚ್ಚಿತು, ಏಕೆಂದರೆ ಕೆಳಗಿನಿಂದ ಬರುವವರು ಯಾರೂ ಇರಲಿಲ್ಲ. ಎರಡನೆಯ ಸಲ ಹಣವನ್ನು ಬೇರೆ ಕಡೆ ತಿರುಗಿಸಿದೆ. ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಮುಖ್ಯಸ್ಥನನ್ನು ಬದಲಿಸಿದೆ, ಸ್ಕೌಟಿಂಗ್ ಹಣದ ದೊಡ್ಡ ಪಾಲನ್ನು ಕಾಲೇಜು ಮತ್ತು ಹೈಸ್ಕೂಲು ಹುಡುಗರ ಕಡೆಗೆ ಹಂಚಿದೆ, ಕೆಳಗಿನ ತಂಡಗಳಿಗೆ ಕಲಿಸುವ ಶಕ್ತಿಯಿರುವ ಪಿಚಿಂಗ್ (ಚೆಂಡೆಸೆತದ) ಕೋಚುಗಳನ್ನು ಹುಡುಕಿ ನೇಮಿಸಿದೆ. ಈ ನೇಮಕಾತಿಗಳೇ ಆಟದ ಜೀವಾಳ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಕೌಟ್‌ನ ವರದಿ ಸತ್ಯವಲ್ಲ, ಅದು ಒಬ್ಬ ಮನುಷ್ಯನ ಅಂದಾಜು. ಅವನ ಕಣ್ಣು ಎಷ್ಟು ಚುರುಕೋ ಅಂದಾಜು ಅಷ್ಟು ನಿಜಕ್ಕೆ ಹತ್ತಿರ. ನಿಜವಾದ ಸ್ಕೌಟ್‌ಗಳು ಬಳಸುವ 20ರಿಂದ 80ರ ಅಳತೆಯನ್ನೇ ಇಲ್ಲಿಯೂ ಬಳಸಬಹುದು, ಅದರಲ್ಲಿ 50 ಎಂದರೆ ಮೇಜರ್ ಲೀಗಿನ ಸರಾಸರಿ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ ಒಬ್ಬ ಎಡಗೈ ಪಿಚರನನ್ನು ಆರಿಸಿದೆ; ಆಟವೇ ಕಲ್ಪಿಸಿದ, ಇಪ್ಪತ್ತೊಂದು ವಯಸ್ಸಿನ, ಕಾಲೇಜಿನಿಂದ ಬಂದ ಹುಡುಗ. ಅವನ ನಿಧಾನಗತಿಯ ಚೇಂಜ್‌ಅಪ್ ಎಸೆತ ಮುಂದೆ 60 ಮುಟ್ಟಬಹುದು ಎಂದು ವರದಿ ಹೇಳಿತ್ತು, ಆದರೆ ಚೆಂಡಿನ ಮೇಲಿನ ಹಿಡಿತ ಕೇವಲ 35. ವಿನ್‌ಸ್ಟನ್-ಸೇಲಂನಲ್ಲಿ ಎರಡನೆಯ ವರ್ಷ ಅವನು ಎದುರಾಳಿಗಳನ್ನು ಒಬ್ಬರಾದ ಮೇಲೊಬ್ಬರಂತೆ ವಾಕ್ ಕೊಟ್ಟು, ಅಂದರೆ ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಪುಕ್ಕಟೆಯಾಗಿ, ಮೊದಲ ಬೇಸ್‌ಗೆ ಕಳಿಸಿದ. ಬರ್ಮಿಂಗ್‌ಹ್ಯಾಮಿನಲ್ಲಿ ಜಾಗ ಖಾಲಿಯಿದ್ದರೂ ಅವನನ್ನು ಮೇಲೇರಿಸದೆ ಕೋಚಿನ ಕೈಕೆಳಗೇ ಬಿಟ್ಟೆ. ಮೂರನೆಯ ವರ್ಷ ಹಿಡಿತ 45ಕ್ಕೆ ಬಂತು. ಅಷ್ಟರಲ್ಲಿ ಮೊಣಕೈಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯಾಗಿ, ಒಂದು ವರ್ಷಕ್ಕೂ ಮೀರಿ ಮೂಲೆ ಸೇರಿದ. ಅವನಿನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ ರೂಲ್ 5 ಡ್ರಾಫ್ಟಿನ ಗಡುವು ಬಂತು. ಹತ್ತೊಂಬತ್ತು ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಸಹಿ ಹಾಕಿದ ಆಟಗಾರನನ್ನು ನಾಲ್ಕು ಋತುಗಳೊಳಗೆ ಮೇಲಿನ ತಂಡದ ನಲವತ್ತು ಜನರ ಪಟ್ಟಿಗೆ ಸೇರಿಸದಿದ್ದರೆ ಬೇರೆ ತಂಡ ಅವನನ್ನು ಎತ್ತಿಕೊಂಡು ಹೋಗಬಹುದು ಎಂಬ ನಿಯಮವದು. ಎಸೆಯಲಾರದ ಹುಡುಗನಿಗೆ ಜಾಗ ಕೊಡಬೇಕಾದರೆ ಆಡುತ್ತಿರುವ ಒಬ್ಬನನ್ನು ಕೈಬಿಡಬೇಕು. ಆ ಒಂದು ನಿರ್ಧಾರಕ್ಕೆ ನಾನು ಎರಡು ರಾತ್ರಿ ತೆಗೆದುಕೊಂಡೆ. ಕೊನೆಗೆ ಅವನನ್ನೇ ಉಳಿಸಿಕೊಂಡೆ.

ನಿಜ ಜಗತ್ತಿನ ಪುನರ್ನಿರ್ಮಾಣಗಳ ಜೊತೆ ಹೋಲಿಸಿದಾಗ ಈ ಆಟ ಎಷ್ಟು ಪ್ರಾಮಾಣಿಕವಾಗಿದೆ ಎಂಬುದು ತಿಳಿಯುತ್ತದೆ. 2018ರಲ್ಲಿ 115 ಪಂದ್ಯ ಸೋತ ಬಾಲ್ಟಿಮೋರ್ ಓರಿಯೋಲ್ಸ್ ತಂಡ, ಹ್ಯೂಸ್ಟನ್ ಆಸ್ಟ್ರೋಸ್ ಕಚೇರಿಯಲ್ಲಿ ಪಳಗಿದ್ದ ಮೈಕ್ ಎಲಾಯಸ್ ಅವರನ್ನು ಕರೆತಂದಿತು. 2019ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಡ್ಲಿ ರಚ್‌ಮನ್, ಎರಡನೆಯ ಸುತ್ತಿನಲ್ಲಿ ಗನ್ನರ್ ಹೆಂಡರ್ಸನ್ ಸಿಕ್ಕರು. ಆದರೂ 2021ರಲ್ಲಿ ಮತ್ತೆ 110 ಸೋಲು. 101 ಗೆಲುವಿನ ವರ್ಷ ಬಂದದ್ದು 2023ರಲ್ಲಿ. ನನ್ನ ಆಟದಲ್ಲೂ ಕಾಲ ಹೆಚ್ಚುಕಡಿಮೆ ಇಷ್ಟೇ ಹಿಡಿಯಿತು. ಹೆಚ್ಚು ಸೋತವರಿಗೆ ಮೊದಲ ಆಯ್ಕೆ ಎಂಬ ಏರ್ಪಾಡನ್ನು ನಂಬಿ ಬರೀ ಸೋತು ಸೋತು ಒಳ್ಳೆಯ ಆಯ್ಕೆಗಳನ್ನು ಗಳಿಸುವ ದಾರಿಯೂ ಈಗ ಕಿರಿದಾಗಿದೆ. 2023ರಿಂದ ಡ್ರಾಫ್ಟಿನ ಮೊದಲ ಆರು ಸ್ಥಾನಗಳನ್ನು ಲಾಟರಿ ಎತ್ತಿ ಹಂಚುತ್ತಾರೆ; ಒಂದು ವರ್ಷ ಆ ಭಾಗ್ಯ ಪಡೆದ ದೊಡ್ಡ ಆದಾಯದ ತಂಡಕ್ಕೆ ಮರುವರ್ಷ ಅದಿಲ್ಲ. ಆದ್ದರಿಂದಲೇ 121 ಸೋಲುಗಳ ನಂತರವೂ ವೈಟ್ ಸಾಕ್ಸ್‌ಗೆ 2025ರಲ್ಲಿ ದಕ್ಕಿದ್ದು ಹತ್ತನೆಯ ಆಯ್ಕೆ.

ಆಟದ ಕೊರತೆಯನ್ನೂ ಹೇಳಲೇಬೇಕು. ಪರದೆಯ ಅಕ್ಷರಗಳು ಒತ್ತೊತ್ತಾಗಿದ್ದು, ಬೇಸ್‌ಬಾಲಿಗೆ ಹೊಸಬರಾದವರಿಗೆ ಮೊದಲ ಒಂದೆರಡು ವಾರ ಕಷ್ಟವೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಇಲ್ಲಿ ಇಪ್ಪತ್ತಾರು ವಯಸ್ಸಿನ ಆಟಗಾರನೊಬ್ಬನನ್ನು ಒಂದು ಗುಂಡಿ ಒತ್ತಿ ಮನೆಗೆ ಕಳಿಸಬಹುದು, ಅವನು ಪಟ್ಟಿಯಿಂದ ಸದ್ದಿಲ್ಲದೆ ಮರೆಯಾಗುತ್ತಾನೆ. 2021ರಲ್ಲಿ ಮೇಜರ್ ಲೀಗ್ ತನ್ನ ಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದಾಗ ಎಷ್ಟೋ ಸಣ್ಣ ಊರುಗಳ ಬೇಸಿಗೆಯ ಸಂಜೆಗಳು ಬರಿದಾದವು. 2023ರಲ್ಲಿ ಆಟಗಾರರ ಸಂಘದ ಒಪ್ಪಂದ ಆಗುವವರೆಗೆ, ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿರುವ ಟ್ರಿಪಲ್-ಎ ಆಟಗಾರನ ವಾರ್ಷಿಕ ಸಂಬಳ ಸುಮಾರು 17,500 ಡಾಲರ್ ಇತ್ತು. ಅನಂತರ ಅದು 35,800 ಡಾಲರಿಗೆ ಏರಿತು. ಸಣ್ಣ ಸಂಬಳದಲ್ಲಿ ಬಾಡಿಗೆ ಕಟ್ಟಿ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಊರೂರು ಸುತ್ತಿದವರ ದಣಿವು ಈ ಪಟ್ಟಿಗಳಲ್ಲಿ ಕಾಣುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಆಟದಲ್ಲಿ ಆ ಬದುಕಿಗೂ ಸ್ವಲ್ಪ ಜಾಗ ಸಿಗಬೇಕಿತ್ತು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಇತ್ತೀಚಿನ ಆವೃತ್ತಿಯೇ ಬೇಕೆಂದಿಲ್ಲ, ಹಳೆಯದು ಕಡಿಮೆ ಬೆಲೆಗೆ ಸಿಗುತ್ತದೆ, ಕಲಿಯಲು ಅದು ಸಾಕು. ಆಟ ಶುರು ಮಾಡುವ ಮುನ್ನ ಆಯ್ಕೆಗಳ ಪುಟಕ್ಕೆ ಹೋಗಿ ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಮಾಡುವುದನ್ನು ಕಠಿಣಗೊಳಿಸಿಕೊಳ್ಳಿ, ಸ್ಕೌಟ್‌ಗಳ ವರದಿಯಲ್ಲಿ ತಪ್ಪುಗಳಿಗೆ ಅವಕಾಶವಿಡಿ. ಇಲ್ಲವಾದರೆ ತಂಡ ಒಂದೇ ವರ್ಷದಲ್ಲಿ ಸುಲಭವಾಗಿ ಎದ್ದುಬಿಡುತ್ತದೆ. ಕೆಳಗಿನ ತಂಡಗಳಲ್ಲಿ ದಿನದಿನದ ಆಟಗಾರರ ಆಯ್ಕೆಯನ್ನು ಅಲ್ಲಿನ ಮ್ಯಾನೇಜರನಿಗೇ ಬಿಡಿ, ಆದರೆ ಯಾರನ್ನು ಯಾವಾಗ ಮೇಲೇರಿಸಬೇಕು ಎಂಬ ತೀರ್ಮಾನವನ್ನು ಮಾತ್ರ ಯಾರಿಗೂ ಒಪ್ಪಿಸಬೇಡಿ. ನನ್ನ ಎಡಗೈ ಪಿಚರ್ ಈಗ ಶಾರ್ಲೆಟ್‌ನಲ್ಲಿದ್ದಾನೆ, ಹಿಡಿತ 50. ಶಿಕಾಗೋದ ಐದನೆಯ ಪಿಚರನ ಭುಜ ನೋಯುತ್ತಿದೆ ಎಂದು ನಿನ್ನೆ ವೈದ್ಯನ ವರದಿ ಬಂದಿದೆ.