ರೆಡ್‌ಕ್ಯಾಪ್: ಸಂಶೋಧನೆ ಎಲ್ಲಿ ತಡವಾಗುತ್ತಿದೆ ಎಂದು ತೋರಿಸುವ ಸಾಫ್ಟ್‌ವೇರ್

ವೈದ್ಯಕೀಯ ಸಂಶೋಧನೆಯ ಡೇಟಾ ಸಂಗ್ರಹಕ್ಕೆಂದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಹುಟ್ಟಿದ ರೆಡ್‌ಕ್ಯಾಪ್ ಲಾಭರಹಿತ ಸಂಸ್ಥೆಗಳಿಗೆ ಉಚಿತ. ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ಸಿಬ್ಬಂದಿಯ ಖರ್ಚು ಮಾತ್ರ ಸಂಸ್ಥೆಯದೇ. ಬಹಳಷ್ಟು ತಂಡಗಳು ಇದರಲ್ಲಿ ಫಾರ್ಮ್ ಕಟ್ಟಿ ಸುಮ್ಮನಾಗಿಬಿಡುತ್ತವೆ. ನಮ್ಮ ದೃಷ್ಟಿಯಲ್ಲಿ ಇದರ ನಿಜವಾದ ಬಲ ಇರುವುದು ಕ್ವೆರಿ, ಅಂದರೆ ಅನುಮಾನ ಬಂದ ನಮೂದಿನ ಬಗ್ಗೆ ಡೇಟಾ ಸಂಗ್ರಹಿಸಿದ ಕೇಂದ್ರಕ್ಕೆ ಕೇಳುವ ಪ್ರಶ್ನೆಯ ನಿರ್ವಹಣೆಯಲ್ಲಿ.

ಇದಕ್ಕೆಂದೇ ಇರುವ ಡೇಟಾ ರೆಸಲ್ಯೂಷನ್ ವರ್ಕ್‌ಫ್ಲೋ ಎಂಬ ಸೌಲಭ್ಯವನ್ನು ಆನ್ ಮಾಡಿದರೆ ಕ್ವೆರಿ ಯಾವಾಗ ತೆರೆಯಿತು, ಯಾವಾಗ ಉತ್ತರ ಬಂತು, ಯಾವಾಗ ಮುಚ್ಚಿತು ಎಲ್ಲವೂ ದಾಖಲಾಗುತ್ತದೆ. ಉತ್ತರ ಬರುವವರೆಗಿನ ಕಾಯುವಿಕೆ ಆಸ್ಪತ್ರೆಯ ಕೇಂದ್ರದ್ದು. ಅಲ್ಲಿಂದ ಮುಚ್ಚುವವರೆಗಿನದು ಡೇಟಾ ಪರಿಶೀಲಿಸುವ ಡೇಟಾ ಮ್ಯಾನೇಜರ್‌ದು. ಇವೆರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಸರಾಸರಿಯನ್ನು ನಂಬಬೇಡಿ: ತಿಂಗಳುಗಟ್ಟಲೆ ಕೊಳೆತ ನಾಲ್ಕೈದು ಕ್ವೆರಿಗಳು ಅದನ್ನು ಎಳೆದುಬಿಡುತ್ತವೆ, ಮೀಡಿಯನ್ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ನೋಡಿ. ಆಮೇಲೆ ಯಾವ ಫೀಲ್ಡ್‌ಗೆ (ಫಾರ್ಮ್‌ನ ಒಂದೊಂದು ಉತ್ತರದ ಜಾಗಕ್ಕೆ) ಎಷ್ಟು ಕ್ವೆರಿ ಎಂದು ಎಣಿಸಿ, ಹೆಚ್ಚಿನದು ಮೊದಲು ಬರುವಂತೆ ಕಂಬಗಳ ಪರೇಟೊ ಚಾರ್ಟ್ ಹಾಕಿ. ಸಾಮಾನ್ಯವಾಗಿ ಬೆರಳೆಣಿಕೆಯ ಫೀಲ್ಡ್‌ಗಳೇ ಎಲ್ಲರ ಸಮಯ ತಿನ್ನುತ್ತಿರುತ್ತವೆ.

ಹಿಮೋಗ್ಲೋಬಿನ್ ಫೀಲ್ಡನ್ನೇ ನೋಡಿ. 13.2 ಇರಬೇಕಾದಲ್ಲಿ 132 ಬಂದಿರುತ್ತದೆ. ಮೇಲಿನ ಮಿತಿ 22 ಎಂದು ಕೊಟ್ಟಿದ್ದರೂ ರೆಡ್‌ಕ್ಯಾಪ್ ಎಚ್ಚರಿಸುತ್ತದೆಯೇ ಹೊರತು ಸೇವ್ ಆಗುವುದನ್ನು ತಡೆಯುವುದಿಲ್ಲ. ಕಡ್ಡಾಯ ಎಂದು ಗುರುತಿಸಿದ ಫೀಲ್ಡನ್ನೂ ಖಾಲಿ ಬಿಟ್ಟು ಮುಂದೆ ಹೋಗಬಹುದು. ಇದು ಇದರ ದೊಡ್ಡ ಕೊರತೆ. ಆದರೆ ಇಲ್ಲಿ ತಪ್ಪು ನಮೂದಿಸುವವರದ್ದಲ್ಲ. ಒಂದು ಲ್ಯಾಬ್ ಪ್ರತಿ ಡೆಸಿಲೀಟರ್‌ಗೆ ಗ್ರಾಂ ಲೆಕ್ಕದಲ್ಲಿ ವರದಿ ಕೊಟ್ಟರೆ ಇನ್ನೊಂದು ಪ್ರತಿ ಲೀಟರ್‌ಗೆ ಕೊಡುತ್ತದೆ. ತರಬೇತಿ ಕೊಟ್ಟು ಇದನ್ನು ಸರಿಪಡಿಸಲು ಹೋಗಬೇಡಿ. ವರದಿಯಲ್ಲಿದ್ದ ಅಂಕಿಯನ್ನೇ ಬರೆಸಿ, ಪಕ್ಕದಲ್ಲಿ ಅಳತೆಯ ಮಾನ (ಯೂನಿಟ್) ಆರಿಸುವ ಫೀಲ್ಡ್ ಇಡಿ, ಲೀಟರ್ ಲೆಕ್ಕವಾದರೆ 10ರಿಂದ ಭಾಗಿಸುವ ಕೆಲಸವನ್ನು ತಾನೇ ಲೆಕ್ಕ ಹಾಕುವ ಕ್ಯಾಲ್ಕ್ಯುಲೇಟೆಡ್ ಫೀಲ್ಡ್‌ಗೆ ಬಿಡಿ. ಕ್ವೆರಿ ಹುಟ್ಟುವ ಮೂಲವೇ ಅಲ್ಲಿಗೆ ನಿಲ್ಲುತ್ತದೆ.

ಇಂಥ ಸುಧಾರಣೆಯನ್ನು ಅಧ್ಯಯನದ ನಡುವೆ ಮಾಡುವಾಗ ಆಯ್ಕೆಗಳ ಕೋಡ್ ಮುಟ್ಟಬೇಡಿ. ಡೇಟಾಬೇಸ್‌ನಲ್ಲಿ ಉಳಿಯುವುದು ‘ಹೌದು’, ‘ಇಲ್ಲ’ ಎಂಬ ಪದವಲ್ಲ, ಅದಕ್ಕೆ ಕೊಟ್ಟ 1, 2ರಂಥ ಕೋಡ್. ಪದಗಳನ್ನು ಅದಲುಬದಲು ಮಾಡಿದರೆ ಹಳೆಯ ರೋಗಿಗಳ ಉತ್ತರಗಳೆಲ್ಲ ಸದ್ದಿಲ್ಲದೆ ತಿರುವುಮುರುವಾಗುತ್ತವೆ. ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ಡೇಟಾ ಸಂಗ್ರಹದ ಹಂತಕ್ಕೆ ಹೋದ ಮೇಲೆ ಫಾರ್ಮ್‌ನ ಬದಲಾವಣೆಗಳು ಡ್ರಾಫ್ಟ್ ಮೋಡ್ (ಒಪ್ಪಿಗೆ ಸಿಗುವವರೆಗೆ ಜಾರಿಗೆ ಬಾರದ ಕರಡು) ಮೂಲಕವೇ ಹೋಗಬೇಕು. ಅಲ್ಲಿ ಬರುವ ಬದಲಾವಣೆಗಳ ಪಟ್ಟಿಯನ್ನು ಡೇಟಾ ಮ್ಯಾನೇಜರ್ ಜೊತೆ ಸಂಖ್ಯಾಶಾಸ್ತ್ರಜ್ಞರೂ ಸಾಲು ಸಾಲಾಗಿ ಓದಿದ ನಂತರವೇ ಒಪ್ಪಿಗೆಗೆ ಕಳಿಸಿ.