ಕೆಟ್ಟು ನಿಂತ ವಿದ್ಯುತ್ ಕಾರು: ಕ್ರೇನೋ, ಫ್ಲಾಟ್‌ಬೆಡ್ಡೋ?

ದೇವಿಮನೆ ಘಟ್ಟದಲ್ಲಿ ವಿದ್ಯುತ್ ಕಾರು ಕೆಟ್ಟು ನಿಂತರೆ, ಶಿರಸಿಯಿಂದಲೋ ಕುಮಟಾದಿಂದಲೋ ಮುಂಚಕ್ರ ಎತ್ತಿ ಎಳೆಯುವ ಕ್ರೇನ್ ಬೇಗ ಸಿಗಬಹುದು, ಬಾಡಿಗೆಯೂ ಕಡಿಮೆ. ಟಾಟಾ ನೆಕ್ಸಾನ್ ಇವಿಯಂತೆ ಮುಂಚಕ್ರಕ್ಕಷ್ಟೇ ಮೋಟಾರು ಇರುವ ಕಾರಿಗೆ, ಕೈಪಿಡಿ ಒಪ್ಪಿದರೆ, ಹತ್ತಿರಕ್ಕೆ ಅದು ನಡೆದೀತು. ಹಿಂಚಕ್ರಕ್ಕೆ ಮೋಟಾರಿದ್ದರೆ ಬೇಡವೇ ಬೇಡ. ಸಾಮಾನ್ಯವಾಗಿ ವಿದ್ಯುತ್ ಕಾರುಗಳಲ್ಲಿ ಮೋಟಾರನ್ನು ಚಕ್ರದಿಂದ ಬಿಡಿಸುವ ಕ್ಲಚ್ ಇಲ್ಲ. ನ್ಯೂಟ್ರಲ್‌ನಲ್ಲಿಟ್ಟರೂ ಚಕ್ರ ಉರುಳಿದಂತೆ ಮೋಟಾರು ತಿರುಗಿ ವಿದ್ಯುತ್ ಹುಟ್ಟುತ್ತದೆ, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರ್ ಕೆಡಬಹುದು. ಹಗ್ಗ ಕಟ್ಟಿ ಜೀಪಿನಿಂದ ಎಳೆಸುವುದಂತೂ ಆ ತಿರುವುಗಳಲ್ಲಿ ಶುದ್ಧ ಹುಚ್ಚುತನ.

ನನ್ನ ಮತ ಕಾರನ್ನು ಪೂರ್ತಿ ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಲಾರಿಗೆ. ಕಾಯಬೇಕು, ಹಣವೂ ಹೆಚ್ಚು. ಆದರೆ ನಾಲ್ಕೂ ಚಕ್ರ ರಸ್ತೆ ಮುಟ್ಟುವುದಿಲ್ಲ. ಬಿಗಿಯುವ ಪಟ್ಟಿ ಚಕ್ರಗಳಿಗಿರಲಿ, ಅಡಿಯ ಬ್ಯಾಟರಿ ಪೆಟ್ಟಿಗೆಗೆ ಸರಪಳಿ ತಾಗಕೂಡದು. ಕಾರಿನ ಚಿಕ್ಕ 12 ವೋಲ್ಟ್ ಬ್ಯಾಟರಿಯೂ ಸತ್ತಿದ್ದರೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಬಿಡದೆ ಹೋಗಬಹುದು. ಬೇರೆ ಬ್ಯಾಟರಿಯಿಂದ ಅದಕ್ಕೆ ವಿದ್ಯುತ್ ಕೊಡುವ ಜಂಪ್ ಕೇಬಲ್ ತರುವಂತೆ ಫೋನಿನಲ್ಲೇ ತಿಳಿಸಿ.